ಕಂಪ್ಯೂಟರ್ ಏಳುತ್ತಿಲ್ಲವೇ? ಎಲ್ಲಿಯವರೆಗೆ ಎದ್ದಿತು ಎಂದು ಮೊದಲು ನೋಡಿ

ನನಗೆ ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ: "ಮಾರಾಯ್ರೆ, ಕಂಪ್ಯೂಟರ್ ಹೋಯ್ತು." ಹೋಯ್ತು ಅಂದರೆ ಏನಾಯ್ತು ಎಂದು ಕೇಳಿದರೆ "ಆನೇ ಆಗ್ತಿಲ್ಲ" ಎನ್ನುತ್ತಾರೆ. ಫ್ಯಾನ್ ತಿರುಗ್ತದಾ ಎಂದರೆ "ಅದೆಲ್ಲ ತಿರುಗ್ತದೆ, ಲೈಟೂ ಬರ್ತದೆ." ಅಂದರೆ ಕಂಪ್ಯೂಟರ್ ಆನ್ ಆಗಿದೆ, ಪರದೆಗೆ ಏನೂ ಬರುತ್ತಿಲ್ಲ ಅಷ್ಟೆ. ಇವೆರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದಕ್ಕೆ ಹೊಸ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗಿಸುವ ಡಬ್ಬಿ) ಬೇಕಾದೀತು, ಎರಡನೆಯದಕ್ಕೆ ಮಕ್ಕಳ ಕಂಪಾಸ್ ಬಾಕ್ಸಿನ ರಬ್ಬರ್ ಸಾಕಾದೀತು.

ಗುಂಡಿ ಒತ್ತಿದ ಮೇಲೆ ಕಂಪ್ಯೂಟರ್ ಒಂದೇ ಏಟಿಗೆ ಏಳುವುದಿಲ್ಲ. ಗೋಡೆಯ 230 ವೋಲ್ಟ್ ಎಸಿಯನ್ನು ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್ ಡಿಸಿಯಾಗಿ ಇಳಿಸುತ್ತದೆ. ಮೂರೂ ಅಲುಗಾಡದೆ ನಿಂತವು ಎಂದು ಖಾತ್ರಿಯಾದ ಮೇಲೆ, ಅಂದರೆ ಸುಮಾರು 100ರಿಂದ 500 ಮಿಲಿಸೆಕೆಂಡ್ ಕಳೆದ ಮೇಲೆ, 'ಪವರ್ ಗುಡ್' ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ, ಅಂದರೆ ಎಲ್ಲ ಬಿಡಿಭಾಗಗಳು ಕೂರುವ ಮುಖ್ಯ ಹಲಗೆಗೆ, ಕಳಿಸುತ್ತದೆ. ಅಲ್ಲಿಯವರೆಗೆ ಮದರ್‌ಬೋರ್ಡು ಪ್ರೊಸೆಸರನ್ನು ಕದಲದಂತೆ ಹಿಡಿದಿಟ್ಟಿರುತ್ತದೆ. ಬಿಟ್ಟ ಕೂಡಲೆ ಅದಕ್ಕೆ ಗೊತ್ತಿರುವುದು ಒಂದೇ ವಿಳಾಸ. 1985ರ ಇಂಟೆಲ್ 80386 ಪ್ರೊಸೆಸರಿನ ಕಾಲದಿಂದ ಬಂದ ಪದ್ಧತಿಯಂತೆ ಅದು 4 ಜಿಬಿ ಗಡಿಗಿಂತ 16 ಬೈಟ್ ಕೆಳಗಿನ ಜಾಗ. ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶಕ್ಕೆ ಬಯೋಸ್ ಎನ್ನುತ್ತಾರೆ; ಅದರ ಚಿಪ್ಪಿನಲ್ಲಿರುವ ಮೊದಲ ಆದೇಶ ಅಲ್ಲಿ ಸಿಗುತ್ತದೆ. ಬಯೋಸ್ ರ‍್ಯಾಮನ್ನು, ಅಂದರೆ ಕೆಲಸದ ಹೊತ್ತಿನ ನೆನಪಿನ ಕಡ್ಡಿಯನ್ನು, ಎಬ್ಬಿಸುತ್ತದೆ, ಆಮೇಲೆ ಪರದೆಗೆ ಜೀವ ಕೊಡುತ್ತದೆ, ಡಿಸ್ಕ್ ಹುಡುಕುತ್ತದೆ, ಕೊನೆಗೆ ವಿಂಡೋಸನ್ನೋ ಲಿನಕ್ಸನ್ನೋ ಕರೆದು ಕೀಲಿಕೈ ಅದರ ಕೈಗೆ ಕೊಟ್ಟು ಬದಿಗೆ ಸರಿಯುತ್ತದೆ.

ಈ ಸರಪಳಿ ಎಲ್ಲಿ ಕಡಿದಿದೆ ಎಂದು ಗೊತ್ತಾದರೆ ರಿಪೇರಿಯ ಮುಕ್ಕಾಲು ಪಾಲು ಮುಗಿದಂತೆ. ಹಾಗಾಗಿ ಕೆಳಗಿನದನ್ನು ಬಿಡಿಭಾಗಗಳ ಹೆಸರಿನಲ್ಲಿ ವಿಂಗಡಿಸಿಲ್ಲ, ನಿಮಗೆ ಏನು ಕಾಣುತ್ತದೆ ಎಂಬುದರ ಮೇಲೆ ಬರೆದಿದ್ದೇನೆ. ಇದು ಡೆಸ್ಕ್‌ಟಾಪ್‌ಗಳಿಗೆ, ಲ್ಯಾಪ್‌ಟಾಪಿಗೆ ಕೆಲವು ಮಾತ್ರ ಅನ್ವಯಿಸುತ್ತವೆ.

ಮುಚ್ಚಳ ತೆಗೆಯುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಮದರ್‌ಬೋರ್ಡಿನಲ್ಲಿ 5 ವೋಲ್ಟ್ ಓಡಾಡುತ್ತಲೇ ಇರುತ್ತದೆ. ಅದು ನಿಮ್ಮನ್ನು ಏನೂ ಮಾಡದು. ಆದರೆ ಆ ಹೊತ್ತಿನಲ್ಲಿ ರ‍್ಯಾಮ್ ಕಿತ್ತರೆ ರ‍್ಯಾಮೂ ಹೋದೀತು, ಅದು ಕೂರುವ ಸ್ಲಾಟೂ ಹೋದೀತು. ಪ್ಲಗ್ ಕಿತ್ತ ಮೇಲೆ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒಳಗೆ ಉಳಿದದ್ದನ್ನು ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಮೈಯಲ್ಲಿ ಕೂತ ಸ್ಥಾಯೀ ವಿದ್ಯುತ್ತು ಚಿಪ್ಪುಗಳಿಗೆ ಒಳ್ಳೆಯದಲ್ಲ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್ 325 ವೋಲ್ಟಿನ ಆಸುಪಾಸಿನ ಡಿಸಿಯನ್ನು ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಬಿಟ್ಟುಕೊಡುವುದಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನಾನೂ ಈಗ ಅದನ್ನು ರಿಪೇರಿ ಮಾಡುವುದಿಲ್ಲ, ಬದಲಿಸುತ್ತೇನೆ.

ಸುಟ್ಟ ವಾಸನೆ ಬಂದಿದ್ದರೆ, ಹೊಗೆ ಕಂಡಿದ್ದರೆ, 'ಫಟ್' ಎಂದಿದ್ದರೆ "ಇನ್ನೊಮ್ಮೆ ಹಾಕಿ ನೋಡುವ" ಎನ್ನುವ ಆಸೆ ಬೇಡ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೂ ಹಾಗೇ; ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಅಂಗಡಿಗೆ ಒಯ್ಯಿರಿ.

ಗುಂಡಿ ಒತ್ತಿದರೆ ಏನೂ ಇಲ್ಲ: ಫ್ಯಾನಿಲ್ಲ, ಲೈಟಿಲ್ಲ, ಸದ್ದಿಲ್ಲ

ಕರೆಂಟ್ ಮದರ್‌ಬೋರ್ಡಿನವರೆಗೆ ಬರುತ್ತಿಲ್ಲ, ಇಲ್ಲವೇ ಗುಂಡಿಯ ಮಾತು ಅದಕ್ಕೆ ಕೇಳುತ್ತಿಲ್ಲ.

ಅದೇ ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಗಬೇಡಿ, ನಾನು ಹದಿನಾಲ್ಕು ಕಿಲೋಮೀಟರ್ ಬೈಕಿನಲ್ಲಿ ಹೋಗಿ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ ಹಾಕಿ ಬಂದದ್ದಿದೆ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಯುಪಿಎಸ್ಸಿನೊಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸುಸ್ತಾಗುತ್ತದೆ, ಕೆಲವು ಯುಪಿಎಸ್‌ಗಳು ಬ್ಯಾಟರಿ ಸತ್ತರೆ ಕರೆಂಟಿದ್ದರೂ ಏಳುವುದಿಲ್ಲ. ಕ್ಯಾಬಿನೆಟ್ಟಿನ ಹಿಂದೆ ಎಸ್‌ಎಂಪಿಎಸ್ಸಿನಲ್ಲೊಂದು ಪುಟ್ಟ ಸ್ವಿಚ್ ಇರುತ್ತದೆ, ನೆಲ ಒರೆಸುವಾಗ ಕೈ ತಾಗಿ ಆಫ್ ಆಗಿರುವುದುಂಟು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಅದರ ಪಕ್ಕ ಕೆಂಪು ಬಣ್ಣದ್ದು ಇನ್ನೊಂದಿರುತ್ತದೆ, 115 ಮತ್ತು 230 ಎಂದು ಬರೆದದ್ದು. ಅದನ್ನು ಮಾತ್ರ ಮುಟ್ಟಬೇಡಿ. ನಮ್ಮ 230 ವೋಲ್ಟಿಗೆ ಅದನ್ನು 115ಕ್ಕೆ ಸರಿಸಿ ಸ್ವಿಚ್ ಹಾಕಿದರೆ ದೀಪಾವಳಿ.

ಇಷ್ಟಾದ ಮೇಲೂ ಏಳದಿದ್ದರೆ ಕೇಬಲ್ ಬದಲಿಸಿ. ಮಾನಿಟರಿನ ಪವರ್ ಕೇಬಲ್ಲೂ ಹೆಚ್ಚಾಗಿ ಅದೇ ಜಾತಿಯದು. ಅದನ್ನೇ ಕಿತ್ತು ಇಲ್ಲಿಗೆ ಹಾಕಿದರೆ ಖರ್ಚಿಲ್ಲದೆ ಪರೀಕ್ಷೆ ಆಯಿತು.

ಈಗ ಮುಚ್ಚಳ ತೆಗೆದು, ಕೈ ಒಳಗಿಡದೆ, ಪ್ಲಗ್ ಹಾಕಿ ನೋಡಿ. ಮದರ್‌ಬೋರ್ಡಿನ ಮೇಲೆ ಎಲ್ಲಾದರೂ ಸಣ್ಣ ದೀಪ ಉರಿಯುತ್ತಿದೆಯೇ? ಉರಿದರೆ ಆ 5 ವೋಲ್ಟ್ ಬರುತ್ತಿದೆ, ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ. ಆಗ ಸಂಶಯ ಗುಂಡಿಯ ಮೇಲೆ. ಮಳೆಗಾಲ ಕಳೆದ ಮೇಲೆ ಕ್ಯಾಬಿನೆಟ್ಟಿನ ಗುಂಡಿಯೊಳಗೆ ತುಕ್ಕು ಹಿಡಿಯುವುದು ನಮ್ಮ ಮಲೆನಾಡಿನಲ್ಲಿ ಹೊಸತಲ್ಲ. ಇದಕ್ಕೊಂದು ಸುಲಭದ ಉಪಾಯವಿದೆ: ಪ್ಲಗ್ ಕಿತ್ತು, ಪವರ್ ಗುಂಡಿಯ ಎರಡು ಪಿನ್ನಿನ ತಂತಿಯನ್ನು ಮದರ್‌ಬೋರ್ಡಿನಿಂದ ತೆಗೆದು, ಆ ಜಾಗಕ್ಕೆ ರೀಸೆಟ್ ಗುಂಡಿಯ ತಂತಿಯನ್ನು ಸಿಕ್ಕಿಸಿ. ರೀಸೆಟ್ ಒತ್ತಿದರೆ ಕಂಪ್ಯೂಟರ್ ಎದ್ದಿತೆಂದರೆ ಕಾಯಿಲೆ ಗುಂಡಿಯದೇ. ಹಾಗೇ ಬಿಟ್ಟು ವರ್ಷಗಟ್ಟಲೆ ಓಡಿಸುವವರಿದ್ದಾರೆ, ತಪ್ಪೇನಿಲ್ಲ.

ದೀಪವೂ ಇಲ್ಲದಿದ್ದರೆ ಎಸ್‌ಎಂಪಿಎಸ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಪಕ್ಕದ ಮನೆಯ ಒಳ್ಳೆಯ ಎಸ್‌ಎಂಪಿಎಸ್ ಸಿಕ್ಕರೆ ಹಾಕಿ ನೋಡುವುದು ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಎಸ್‌ಎಂಪಿಎಸ್ಸಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ಕ್ಲಿಪ್ಪಿನಿಂದ ಮುಟ್ಟಿಸಿ ಫ್ಯಾನ್ ತಿರುಗುತ್ತದೋ ನೋಡುವ ಹಳೆಯ ಪರೀಕ್ಷೆಯನ್ನು ನಾನು ಮನೆಯವರಿಗೆ ಹೇಳಿಕೊಡುವುದಿಲ್ಲ. ಈಗಿನ ಹಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಯೂ ಕಪ್ಪು, ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರುಗಳಲ್ಲಿ ಪಿನ್ನುಗಳ ಜೋಡಣೆಯೇ ಬೇರೆ. ಅಲ್ಲದೆ ಫ್ಯಾನ್ ತಿರುಗಿದ ಮಾತ್ರಕ್ಕೆ ವೋಲ್ಟೇಜ್ ಸರಿಯಿದೆ ಎಂದಲ್ಲ. 12 ವೋಲ್ಟ್ ಎಂದರೆ 11.4ರಿಂದ 12.6ರ ಒಳಗಿರಬೇಕು, 5 ವೋಲ್ಟ್ ಎಂದರೆ 4.75ರಿಂದ 5.25. ಅದನ್ನು ಅಳೆಯಲು ಮಲ್ಟಿಮೀಟರ್ ಬೇಕು, ಅದೂ ಕೆಲಸದ ಹೊರೆ ಬಿದ್ದಾಗ ಅಳೆಯಬೇಕು.

ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ

ಎಲ್ಲೋ ಶಾರ್ಟ್ ಆಗುತ್ತಿದೆ, ಎಸ್‌ಎಂಪಿಎಸ್ ಅದನ್ನು ಕಂಡು ತನ್ನನ್ನು ತಾನೇ ಕಡಿದುಕೊಳ್ಳುತ್ತಿದೆ. ಇದು ದೋಷಕ್ಕಿಂತ ಹೆಚ್ಚಾಗಿ ರಕ್ಷಣೆ. ಮತ್ತೆ ಮತ್ತೆ ಗುಂಡಿ ಒತ್ತಿ ಅದರ ತಾಳ್ಮೆ ಪರೀಕ್ಷಿಸಬೇಡಿ.

ಹಿಂದಿನ ಯುಎಸ್‌ಬಿಗಳನ್ನೆಲ್ಲ ಕೀಳಿ. ಮುಂದಿನ ಯುಎಸ್‌ಬಿ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿ, ಪೆನ್‌ಡ್ರೈವ್ ಓರೆಯಾಗಿ ತುರುಕಿ ಒಳಗಿನ ಪಿನ್ನುಗಳು ಒಂದಕ್ಕೊಂದು ಅಂಟಿರುತ್ತವೆ. ಆಮೇಲೆ ಡಿಸ್ಕಿನ ಪವರ್ ತಂತಿ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್, ಹೀಗೆ ಒಂದೊಂದನ್ನೇ ಬಿಡಿಸಿ. ಪ್ರತಿ ಸಲವೂ ಪ್ಲಗ್ ಕಿತ್ತು, ಬಿಡಿಸಿ, ಪ್ಲಗ್ ಹಾಕಿ, ಒತ್ತಿ. ಯಾವುದನ್ನು ಬಿಟ್ಟಾಗ ಎದ್ದಿತೋ ಅದೇ ಕಳ್ಳ.

ಒಮ್ಮೆ ಎಲ್ಲ ಬಿಡಿಸಿದರೂ ಏಳದ ಒಂದು ಯಂತ್ರದಲ್ಲಿ, ಮದರ್‌ಬೋರ್ಡಿನ ಹಿಂಬದಿಯಲ್ಲಿ ಒಣಗಿ ಹಪ್ಪಳವಾದ ಹಲ್ಲಿ ಸಿಕ್ಕಿತು. 12 ವೋಲ್ಟಿನ ಬೆಸುಗೆಯ ಮೇಲೆ ತಲೆ, ಸ್ಕ್ರೂ ಬುಡದಲ್ಲಿ ಬಾಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಕ್ಕ ಪತಂಗವನ್ನು ಅಲ್ಲಿಯವರು ದಿನಚರಿ ಪುಸ್ತಕಕ್ಕೆ ಟೇಪ್ ಹಚ್ಚಿ ಅಂಟಿಸಿಟ್ಟರು. ನಾನು ಹಲ್ಲಿಯನ್ನು ಕಾಗದದಲ್ಲಿ ಕಟ್ಟಿ ಎಸೆದೆ. ಕ್ಯಾಬಿನೆಟ್ಟಿನ ಹಿಂದೆ ಕಾರ್ಡ್ ತೆಗೆದ ಖಾಲಿ ಕಿಂಡಿಗಳಿದ್ದರೆ ಮುಚ್ಚಿ, ಒಳಗಿನ ಬಿಸುಪು ಹಲ್ಲಿಗೂ ಇರುವೆಗೂ ಬಲು ಪ್ರೀತಿ.

ಬೋರ್ಡಿನ ಮೇಲೆ ನಿಂತ ಕೊಳವೆಯಂಥ ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಬೆಸುಗೆ ಬಲ್ಲವರ ಕೆಲಸ.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ನನ್ನ ಕೈಗೆ ಬರುವ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ, ಮನೆಯಲ್ಲೇ ಸರಿಹೋಗುವುದೂ ಇದೇ ಹೆಚ್ಚು. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಪ್ರೊಸೆಸರ್ ಎದ್ದಿದೆ, ರ‍್ಯಾಮ್ ಎದ್ದಿದೆ, ಯಂತ್ರ ಕೆಲಸ ಮಾಡುತ್ತಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೆ. ದೀಪ ಅಲ್ಲಾಡದಿದ್ದರೆ ಅದು ಇನ್ನೂ ಮೊದಲ ಮೆಟ್ಟಿಲಲ್ಲೇ ಕೂತಿದೆ.

ದೀಪ ಹತ್ತಿದವರು ಮಾನಿಟರ್ ನೋಡಿ. 'ನೋ ಸಿಗ್ನಲ್' ಎಂದು ಅದು ಹೇಳುತ್ತಿದ್ದರೆ ಮಾನಿಟರ್ ಚೆನ್ನಾಗಿಯೇ ಇದೆ. ಅದರ ಮೆನುವಿನಲ್ಲಿ ವಿಜಿಎ ಆಯ್ಕೆಯಾಗಿದ್ದು ನೀವು ಎಚ್‌ಡಿಎಂಐ ಹಾಕಿರಬಹುದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ ಮದರ್‌ಬೋರ್ಡಿನ ರಂಧ್ರಕ್ಕೆ ಹೋಗಿರಬಹುದು. ಅಡ್ಡಡ್ಡ ಮಲಗಿರುವ ಕೆಳಗಿನ ಸಾಲು ಕಾರ್ಡಿನದು, ಅಲ್ಲಿಗೆ ಹಾಕಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಅದರೊಳಗೆ ಬಳಸಬಹುದಾದ ಗ್ರಾಫಿಕ್ಸ್ ಇಲ್ಲ, ಮದರ್‌ಬೋರ್ಡಿನ ರಂಧ್ರದಿಂದ ಎಷ್ಟು ಕಾದರೂ ಚಿತ್ರ ಬಾರದು. ಮನೆ ಬದಲಿಸಿ ಸಾಮಾನು ಜೋಡಿಸಿದ ಮಾರನೇ ದಿನ ಬರುವ ಕರೆಗಳೆಲ್ಲ ಬಹುಪಾಲು ಇದೇ.

ದೀಪ ಅಲ್ಲಾಡದವರ ಸಂಶಯ ಮೊದಲು ರ‍್ಯಾಮಿನ ಮೇಲಿರಲಿ. ಯಾಕೆಂದು ಹೇಳುತ್ತೇನೆ. ರ‍್ಯಾಮಿನ ಒಂದೊಂದು ಬಿಟ್ ಎಂದರೆ ಒಂದು ಸೂಕ್ಷ್ಮ ಕೆಪಾಸಿಟರ್, ತೂತು ಬಿದ್ದ ಕೊಡವಿದ್ದ ಹಾಗೆ. ತುಂಬಿದ್ದು ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬದಿದ್ದರೆ ನೆನಪು ಅಳಿಸಿಹೋಗುತ್ತದೆ. ಇಂಥ ಚಂಚಲ ವಸ್ತುವಿನೊಡನೆ ಪ್ರೊಸೆಸರ್ ಮಾತಾಡುವುದು ಡಿಡಿಆರ್4 ಜಾತಿಯ ರ‍್ಯಾಮ್ ಆದರೆ 288 ಚಿನ್ನದ ಲೇಪದ ಹಲ್ಲುಗಳ ಮೂಲಕ. ಅದರಲ್ಲಿ ಮುಖ್ಯವಾದ ಒಂದು ಹಲ್ಲಿಗೆ ಧೂಳೋ ತೇವದ ಪಾಚಿಯೋ ಕೂತರೂ ಬಯೋಸ್ ಅಲ್ಲೇ ನಿಲ್ಲುತ್ತದೆ. ರ‍್ಯಾಮ್ ಏಳುವವರೆಗೆ ಬಯೋಸಿಗೆ ಕೆಲಸ ಮಾಡಲು ಜಾಗವೇ ಇರುವುದಿಲ್ಲ, ಪ್ರೊಸೆಸರಿನೊಳಗಿನ ಕ್ಯಾಶ್ ಎಂಬ ಚೂರು ನೆನಪನ್ನು ಸಾಲ ಪಡೆದು ಅದರಲ್ಲೇ ಸಂಸಾರ ಸಾಗಿಸುತ್ತಿರುತ್ತದೆ. ಆ ಸ್ಥಿತಿಯಲ್ಲಿ ಪರದೆಗೆ 'ರ‍್ಯಾಮ್ ಸರಿಯಿಲ್ಲ' ಎಂದು ಬರೆಯಲೂ ಅದಕ್ಕೆ ಆಗುವುದಿಲ್ಲ. ಅದಕ್ಕೇ ಬೀಪ್.

ಬೀಪ್ ಕೇಳಿಸಿದರೆ ಎಣಿಸಿ. ಮೂರು ಬೀಪ್ ಎಂದರೆ ಎಎಂಐ ಬಯೋಸಿನಲ್ಲಿ ರ‍್ಯಾಮ್. ಒಂದು ಉದ್ದ ಎರಡು ಗಿಡ್ಡ ಎಂದರೆ ಅವಾರ್ಡ್ ಬಯೋಸಿನಲ್ಲಿ ಡಿಸ್‌ಪ್ಲೇ. ಕಂಪನಿಗೊಂದು ಭಾಷೆ ಇರುವುದರಿಂದ ನಿಮ್ಮ ಮದರ್‌ಬೋರ್ಡಿನ ಕೈಪಿಡಿಯನ್ನೇ ನಂಬಿ. ಈಗಿನ ಕ್ಯಾಬಿನೆಟ್ಟುಗಳಲ್ಲಿ ಬೀಪಿನ ಸ್ಪೀಕರ್ ಇರುವುದೇ ಅಪರೂಪ, ಬದಲಿಗೆ ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ದೀಪ ಕೊಟ್ಟಿರುತ್ತಾರೆ. ಯಾವುದು ಉರಿದು ನಿಂತಿತೋ ಸರಪಳಿ ಅಲ್ಲಿ ಕಡಿದಿದೆ.

ರ‍್ಯಾಮ್ ತೆಗೆಯುವುದು ಕಷ್ಟವಲ್ಲ. ಪ್ಲಗ್ ಕಿತ್ತು, ತುದಿಯ ಚಿಲಕ ಸರಿಸಿ, ನೇರ ಮೇಲಕ್ಕೆತ್ತಿ. ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ಮೆತ್ತಗಿನ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ, ಪುಡಿಯನ್ನು ಸ್ಲಾಟಿನ ಮೇಲಲ್ಲ, ದೂರ ಊದಿ. ಶಾಯಿ ಅಳಿಸುವ ಗರಗರ ರಬ್ಬರ್ ಬೇಡ. ಸ್ಯಾಂಡ್‌ಪೇಪರಿನಿಂದ ಉಜ್ಜಿ ತಂದವರೊಬ್ಬರಿದ್ದರು. ಚಿನ್ನದ ಲೇಪ ಎಂದರೆ ಮೈಕ್ರಾನಿನ ಲೆಕ್ಕ, ಉಜ್ಜಿದ ಮೇಲೆ ಉಳಿದದ್ದು ತಾಮ್ರ. ಸ್ಲಾಟಿನೊಳಗೆ ಬಾಯಿಯಿಂದ ಊದಬೇಡಿ, ಎಂಜಲು ಸೇರುತ್ತದೆ. ಒಣ ಪೇಂಟ್ ಬ್ರಷ್ ಸಾಕು. ಮರಳಿ ಹಾಕುವಾಗ ಕೆಳಗಿನ ಕಚ್ಚು ಹೊಂದಿಸಿ, ಎರಡೂ ತುದಿ 'ಟಕ್' ಎನ್ನುವವರೆಗೆ ಒತ್ತಿ. ಎರಡು ಕಡ್ಡಿ ಇದ್ದರೆ ಮೊದಲು ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು, ಆಮೇಲೆ ಬೇರೆ ಸ್ಲಾಟಿನಲ್ಲಿ. ಒಂದು ಕಡ್ಡಿ ಯಾವ ಸ್ಲಾಟಿನಲ್ಲೂ ಏಳದಿದ್ದರೆ ಕಡ್ಡಿ ಕೆಟ್ಟಿದೆ. ಎಲ್ಲ ಕಡ್ಡಿಯೂ ಒಂದೇ ಸ್ಲಾಟಿನಲ್ಲಿ ಏಳದಿದ್ದರೆ ಸ್ಲಾಟ್ ಕೆಟ್ಟಿದೆ.

ಡಿಡಿಆರ್5 ಯಂತ್ರವಾದರೆ ಇನ್ನೊಂದು ಮಾತು. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಬೋರ್ಡು ಅದರ ಜತೆ ತಾಳ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಪರದೆ ಕಪ್ಪಾಗಿಯೇ ಇರುತ್ತದೆ. ಆಫ್ ಮಾಡಬೇಡಿ, ಒಂದು ಕಾಫಿ ಕುಡಿದು ಬನ್ನಿ.

ರ‍್ಯಾಮ್ ಬದಲಿಸಿ, ಕಾರ್ಡ್ ಬದಲಿಸಿ, ಪ್ರೊಸೆಸರಿನ ಬಳಿಯ 12 ವೋಲ್ಟ್ ಕನೆಕ್ಟರ್ ಬಿಗಿಯಾಗಿದೆ ಎಂದು ನೋಡಿಯೂ ಏಳದಿದ್ದರೆ ಉಳಿದದ್ದು ಮದರ್‌ಬೋರ್ಡ್ ಅಥವಾ ಪ್ರೊಸೆಸರ್. ಅಂಗಡಿಗೆ ಒಯ್ಯುವ ಸಮಯ.

ಎದ್ದಿದೆ, ಆದರೆ ತಾರೀಖು ಹಿಂದಕ್ಕೆ ಹೋಗಿದೆ

ದಿನಾ ಬೆಳಿಗ್ಗೆ ಗಡಿಯಾರ ಹಳೆಯ ವರ್ಷಕ್ಕೆ ಜಾರುತ್ತದೆ, ಬ್ಯಾಂಕಿನ ತಾಣ ತೆರೆದರೆ 'ಸಂಪರ್ಕ ಸುರಕ್ಷಿತವಲ್ಲ' ಎನ್ನುತ್ತದೆ. ಇಂಟರ್ನೆಟ್ ಕೊಟ್ಟವರಿಗೆ ಬೈಯಬೇಡಿ. ತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ, ನಿಮ್ಮ ಯಂತ್ರದ ಪ್ರಕಾರ ಆ ದಿನವೇ ಇನ್ನೂ ಬಂದಿಲ್ಲ.

ಮದರ್‌ಬೋರ್ಡಿನಲ್ಲಿ ಎಂಟಾಣೆಯಂಥ ಒಂದು ಸೆಲ್ ಇದೆ, ಸಿಆರ್2032, 3 ವೋಲ್ಟಿನದು. ಕರೆಂಟಿಲ್ಲದಾಗ ಗಡಿಯಾರ ಓಡಿಸುವುದು ಅದು. ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಬರುತ್ತದೆ, ಅದೇ ಒಂದು ಸೆಕೆಂಡ್. ಸೆಲ್ ತೆಗೆದು ಹೊಸದು ಹಾಕಿ, ಬರಹವಿರುವ ಬದಿ ಮೇಲಕ್ಕೆ. ತೆಗೆಯುವ ಮೊದಲು ಬಯೋಸಿನ ಸೆಟ್ಟಿಂಗ್ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಸೆಲ್ ತೆಗೆದಾಗ ಆ ಸೆಟ್ಟಿಂಗುಗಳು ಅಳಿಸಿ ಡಿಸ್ಕಿನ ಮೋಡ್ ಬದಲಾಗಿಬಿಟ್ಟರೆ ವಿಂಡೋಸ್ ಏಳದೆ ಮುನಿಸಿಕೊಳ್ಳುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ಯಂತ್ರವಾದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ.

ಹಳೆಯ ಸೆಲ್ಲನ್ನು ಟೇಬಲ್ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಲ್ಲದು. ನುಂಗಿದ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

'ಬೂಟ್ ಡಿವೈಸ್ ಇಲ್ಲ' ಎನ್ನುತ್ತದೆ, ಅಥವಾ ಒಳಗೆ ಟಿಕ್ ಟಿಕ್ ಸದ್ದು

ಪೆನ್‌ಡ್ರೈವ್ ಸಿಕ್ಕಿಕೊಂಡೇ ಇದೆಯೇ ನೋಡಿ, ಕಿತ್ತು ಮತ್ತೆ ಆನ್ ಮಾಡಿ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನ ಎರಡೂ ತುದಿ ಒತ್ತಿ, ಸಾಧ್ಯವಾದರೆ ಕೇಬಲ್ ಬದಲಿಸಿ. ಆಮೇಲೆ ಬಯೋಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಹೆಸರು ಕಂಡರೆ ಡಿಸ್ಕ್ ಜೀವಂತ, ವಿಂಡೋಸ್ ಕೆಟ್ಟಿರಬಹುದು. ಹೆಸರೇ ಇಲ್ಲದಿದ್ದರೆ ಡಿಸ್ಕ್ ಅಥವಾ ಅದರ ತಂತಿ.

ಹಾರ್ಡ್‌ಡಿಸ್ಕಿನಿಂದ ಲಯಬದ್ಧವಾಗಿ ಟಿಕ್, ಟಿಕ್ ಎಂದು ಬಂದರೆ ಮಾತ್ರ ಪ್ರಯೋಗ ನಿಲ್ಲಿಸಿ, ಪ್ಲಗ್ ಕೀಳಿ. ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ತಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ದಾರಿ ಸಿಗದೆ ಅದು ಹಿಂದೆ ಹೋಗಿ ಮತ್ತೆ ಬರುವ ಸದ್ದು ಅದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಕೆರೆಯುತ್ತಿರಬಹುದು. ಫ್ರಿಜ್ಜಿನಲ್ಲಿಡುವುದು, ಕುಟ್ಟುವುದು, ಬಿಚ್ಚಿ ನೋಡುವುದು ಯಾವುದೂ ಬೇಡ. ಒಳಗಿರುವುದು ಮಗಳ ಮದುವೆಯ ಫೋಟೋ, ಹತ್ತು ವರ್ಷದ ಲೆಕ್ಕಪತ್ರ ಆದರೆ ದತ್ತಾಂಶ ಮರುಪಡೆಯುವವರ ಹತ್ತಿರ ಹೋಗಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಏನು ಬೇಕಾದರೂ ಸಿಗುತ್ತದೆ, ಮಗಳ ಮದುವೆ ಇನ್ನೊಮ್ಮೆ ಸಿಗುವುದಿಲ್ಲ.

ಸದ್ದಿಲ್ಲದೆ ಡಿಸ್ಕ್ ಸೊರಗುತ್ತಿದ್ದರೆ ಅದು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ 'ಸ್ಮಾರ್ಟ್' ವರದಿ ತೋರಿಸುವ ಉಚಿತ ತಂತ್ರಾಂಶಗಳಿವೆ. 'ರೀಅಲೊಕೇಟೆಡ್' ಮತ್ತು 'ಪೆಂಡಿಂಗ್' ಸೆಕ್ಟರುಗಳ ಎದುರಿನ ಸಂಖ್ಯೆ ಸೊನ್ನೆಯಾಗಿಲ್ಲದೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿ, ಆಮೇಲೆ ಡಿಸ್ಕ್ ಸರಿಮಾಡುವ ಮಾತು. ಈ ಕ್ರಮ ತಿರುವುಮುರುವಾದರೆ, ಸಾಯುತ್ತಿರುವ ಡಿಸ್ಕನ್ನು ಸರಿಮಾಡಲು ಬಂದ ವಿಂಡೋಸಿನ ಚೆಕ್‌ಡಿಸ್ಕೇ ಮುಗಿಸಿಬಿಡಬಹುದು. ತಿರುಗುವ ತಟ್ಟೆಯಿಲ್ಲದ ಡಿಸ್ಕುಗಳಾದ ಎಸ್‌ಎಸ್‌ಡಿಗಳು ಟಿಕ್ ಎನ್ನದೆ, ಒಂದು ಬೆಳಿಗ್ಗೆ ಸುಮ್ಮನೆ ಮಾಯವಾಗುತ್ತವೆ.

ಎಲ್ಲ ಸರಿ, ವಿಪರೀತ ನಿಧಾನ

ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಮೆಮರಿ ಮತ್ತು ಡಿಸ್ಕ್ ಕಾಲಂ ನೋಡಿ. ಮೆಮರಿ ತುಂಬಿ ಡಿಸ್ಕ್ 100 ಪ್ರತಿಶತದಲ್ಲಿ ನಿಂತಿದ್ದರೆ ರ‍್ಯಾಮಿನಲ್ಲಿ ಹಿಡಿಸದ್ದನ್ನು ವಿಂಡೋಸ್ ಡಿಸ್ಕಿಗೆ ಹೊತ್ತು ಹಾಕುತ್ತಿದೆ. ರ‍್ಯಾಮಿನಿಂದ ಒಂದು ಮಾತು ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು, ತಿರುಗುವ ಡಿಸ್ಕಿನಿಂದ ತರಲು 10 ಮಿಲಿಸೆಕೆಂಡ್. ಒಂದು ಲಕ್ಷ ಪಟ್ಟು. ರ‍್ಯಾಮ್ ಎಂದರೆ ಅಡುಗೆಮನೆಯ ನಾಗಂದಿಗೆಯಿಂದ ಬೆಲ್ಲ ತರುವ ಒಂದು ನಿಮಿಷವಾದರೆ, ಹಾರ್ಡ್‌ಡಿಸ್ಕ್ ಎಂದರೆ 69 ದಿನ. ಇಲ್ಲಿಂದ ಕಾಶಿಗೆ ನಡೆದುಕೊಂಡು ಹೋಗಿ ಬೆಲ್ಲ ಕೊಂಡಂತೆ. ಫಾರ್ಮ್ಯಾಟ್ ಮಾಡಿಸಿದರೆ ನಾಲ್ಕು ದಿನ ಚುರುಕಾದೀತು. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ, 4 ಜಿಬಿಯ ಬದಲು 8 ಜಿಬಿ ರ‍್ಯಾಮ್ ಹಾಕಿಸಿದರೆ ಇನ್ನೂ ಕೆಲವು ವರ್ಷ ನಡೆದೀತು.

ಅರ್ಧ ಗಂಟೆ ಓಡಿ ತಾನಾಗೇ ಆಫ್

ಬಿಸಿಯೋ ಕರೆಂಟೋ ಎಂದು ಬೇರ್ಪಡಿಸಬೇಕು. ಆಫ್ ಆದ ಕೂಡಲೆ ಮತ್ತೆ ಹಾಕಿದರೆ ಎರಡೇ ನಿಮಿಷಕ್ಕೆ ಮತ್ತೆ ಆಫ್, ಒಂದು ತಾಸು ಬಿಟ್ಟು ಹಾಕಿದರೆ ಮತ್ತೆ ಅರ್ಧ ಗಂಟೆ ಓಡುತ್ತದೆ ಎಂದರೆ ಬಿಸಿ. ಪಂಪ್‌ಸೆಟ್ಟೋ ಮಿಕ್ಸಿಯೋ ಶುರುವಾದ ಹೊತ್ತಿಗೇ ಆಫ್ ಆಗುತ್ತದೆ ಎಂದರೆ ಕರೆಂಟು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್; ಒಳ್ಳೆಯ ಎಸ್‌ಎಂಪಿಎಸ್ ಹೆಚ್ಚುಕಡಿಮೆ ಅಷ್ಟೇ ಹೊತ್ತು ಉಸಿರು ಹಿಡಿದುಕೊಳ್ಳಬಲ್ಲದು. ವೋಲ್ಟೇಜ್ ಅದಕ್ಕಿಂತ ಹೆಚ್ಚು ಹೊತ್ತು ಕುಸಿದರೆ ಯುಪಿಎಸ್ ಬೇಕು. ಯುಪಿಎಸ್ಸಿಗೆ ಲೇಸರ್ ಪ್ರಿಂಟರ್ ಸಿಕ್ಕಿಸಿದ್ದರೆ ಈಗಲೇ ಕೀಳಿ, ಕಾಗದ ಕಾಯಿಸುವಾಗ ಅದು ಎಳೆಯುವ ಕರೆಂಟಿಗೆ ಯುಪಿಎಸ್ ತತ್ತರಿಸುತ್ತದೆ.

ಬಿಸಿಯಾದರೆ: ಸಾಮಾನ್ಯ ಪ್ರೊಸೆಸರ್ ಕೂಡ 65 ವಾಟ್ ಉರಿಯುತ್ತದೆ, ಹಳೆಯ ಕಾಲದ 60 ವಾಟ್ ಬಲ್ಬಿನ ಶಾಖವನ್ನು ಉಗುರಗಲದ ಸಿಲಿಕಾನಿಗೆ ಇಳಿಸಿದಂತೆ. ಬಹುತೇಕ ಚಿಪ್ಪುಗಳು 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ಮೊದಲು ವೇಗ ತಗ್ಗಿಸುತ್ತವೆ, ಆಗಲೂ ತಣಿಯದಿದ್ದರೆ ಆಫ್. ಪ್ರೊಸೆಸರಿನ ಮೇಲೆ ಕೂತು ಶಾಖ ಹೀರುವ ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕಂಬಳಿಯಂತೆ ಕೂತಿರುತ್ತದೆ. ಯಂತ್ರವನ್ನು ಜಗುಲಿಗೆ ತಂದು ಬ್ಲೋವರ್ ಹಿಡಿಯಿರಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು. ಗಾಳಿಗೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ಧೂಳು ತೆಗೆದರೂ ತಣಿಯದಿದ್ದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಒಣಗಿದ ಪೇಸ್ಟ್ ಬದಲಿಸಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಡುವೆ ಒಂದು ಸಣ್ಣ ಬಟಾಣಿಯಷ್ಟು ಹೊಸದು. ದೋಸೆಗೆ ಬೆಣ್ಣೆ ಸವರಿದಂತೆ ಸವರಬೇಡಿ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಯಂತ್ರಗಳಲ್ಲಿ ಹೀಟ್‌ಸಿಂಕನ್ನು ನೇರ ಮೇಲಕ್ಕೆಳೆದರೆ ಪ್ರೊಸೆಸರೂ ಪಿನ್ನು ಬಗ್ಗಿಸಿಕೊಂಡು ಜತೆಗೇ ಬರುವುದುಂಟು. ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ, ಆಫ್ ಮಾಡಿ ಪ್ಲಗ್ ಕಿತ್ತು, ಮೆಲ್ಲಗೆ ತಿರುಚಿ ಬಿಡಿಸಬೇಕು. ಧೈರ್ಯವಿಲ್ಲದಿದ್ದರೆ ಇದನ್ನು ಅಂಗಡಿಗೇ ಬಿಡಿ.

ನೀಲಿ ಪರದೆ

ಕೆಲಸದ ನಡುವೆ ವಿಂಡೋಸ್ ಕುಸಿದು ಪರದೆಯೆಲ್ಲ ನೀಲಿಯಾದರೆ ಅಡಿಯಲ್ಲಿ ಬರುವ ಸಂಕೇತದ ಫೋಟೋ ತೆಗೆಯಿರಿ, ಒಂದಲ್ಲ, ನಾಲ್ಕೈದು ಸಲದ್ದು. ಪ್ರತಿ ಸಲವೂ ಅದೇ ಸಂಕೇತವಾದರೆ ಒಂದು ಡ್ರೈವರ್ (ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಇಲ್ಲವೇ ಹೊಸದಾಗಿ ಹಾಕಿದ ತಂತ್ರಾಂಶ. ಸಲಕ್ಕೊಂದು ಬಗೆಯಾದರೆ ರ‍್ಯಾಮ್. ವಿಂಡೋಸ್ ಮೆಮರಿ ಡಯಾಗ್ನಾಸ್ಟಿಕ್ ಓಡಿಸಿ, ಇಲ್ಲವೇ ಮೆಮ್‌ಟೆಸ್ಟ್86ನ್ನು ರಾತ್ರಿಯಿಡೀ ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಆ ಕಡ್ಡಿ ಬೇಡ.

ಬ್ರೌಸರಿನೊಳಗೆ ನೀಲಿ ಪರದೆ ಬಂದು 'ಈ ನಂಬರಿಗೆ ಕರೆ ಮಾಡಿ' ಎಂದರೆ ಅದು ಯಂತ್ರದ ದೋಷವಲ್ಲ, ಮೋಸ. ನಿಜವಾದ ನೀಲಿ ಪರದೆ ಯಾರಿಗೂ ಫೋನ್ ಮಾಡಲು ಹೇಳುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ

"ಸ್ವಲ್ಪ ಶಾಕ್ ಹೊಡೀತದೆ, ರೂಢಿಯಾಗಿದೆ" ಎನ್ನುವವರಿದ್ದಾರೆ. ರೂಢಿ ಮಾಡಿಕೊಳ್ಳಬೇಡಿ. ಎಸ್‌ಎಂಪಿಎಸ್ಸಿನ ಬಾಗಿಲಲ್ಲಿ ಕರೆಂಟಿನ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರುಗಳಿವೆ, ಒಂದು ಫೇಸಿನಿಂದ ಅರ್ತಿಗೆ, ಇನ್ನೊಂದು ನ್ಯೂಟ್ರಲಿನಿಂದ ಅರ್ತಿಗೆ. ಮನೆಯ ಅರ್ತಿಂಗ್ ಸರಿಯಿದ್ದರೆ ಅವು ಸೋರಿಸುವ ಚೂರು ಕರೆಂಟ್ ನೆಲಕ್ಕೆ ಇಳಿಯುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧಕ್ಕೆ, ಅಂದರೆ 115 ವೋಲ್ಟಿನ ಸುತ್ತಮುತ್ತ ತೇಲುತ್ತಿರುತ್ತದೆ; ಟೆಸ್ಟರ್ ಇಟ್ಟರೆ ಮಿಣಮಿಣ ಎನ್ನುತ್ತದೆ. ಕರೆಂಟ್ ತೀರ ಸಣ್ಣದಾದ್ದರಿಂದ ಜುಮ್ ಎಂದಷ್ಟೇ ಅನಿಸುತ್ತದೆ. ಆದರೆ ಅರ್ತಿಂಗ್ ಇಲ್ಲದ ಮನೆಯಲ್ಲಿ ಎಂದಾದರೂ ಫೇಸ್ ತಂತಿಯೇ ಕಬ್ಬಿಣಕ್ಕೆ ತಾಗಿದರೆ ತಡೆಯಲು ಯಾರೂ ಇಲ್ಲ. ಆ ಸ್ಥಿತಿಯಲ್ಲಿ ಟಿವಿಗೆ ಎಚ್‌ಡಿಎಂಐ ಸಿಕ್ಕಿಸುವಾಗ ಕಿಡಿ ಹಾರಿ ಎರಡರ ಪೋರ್ಟೂ ಸುಡುವುದುಂಟು.

ಇದಕ್ಕೆ ಕಂಪ್ಯೂಟರ್ ರಿಪೇರಿಯವನು ಬೇಡ, ಎಲೆಕ್ಟ್ರೀಷಿಯನ್ ಬೇಕು. ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಿದ್ದರೆ ಕೇಬಲ್ ಬದಲಿಸಿ. ಅರ್ತಿಂಗಿಗೆಂದು ನೆಲದಲ್ಲಿ ತೋಡಿದ ಹೊಂಡ ಇದ್ದೂ ಬೇಸಿಗೆಯಲ್ಲಿ ಮಾತ್ರ ಜುಮ್ ಎನ್ನುತ್ತಿದ್ದರೆ ಹೊಂಡ ಒಣಗಿದೆ, ನಾಲ್ಕು ಕೊಡ ನೀರು ಹೊಯ್ದು ನೋಡಿ.

ಗುಡುಗು ಶುರುವಾದಾಗ ಪ್ಲಗ್ ಜತೆಗೆ ಇಂಟರ್ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳಿ. ಮೇ ತಿಂಗಳಲ್ಲಿ ನನ್ನ ಮೇಜಿನ ಮೇಲೆ ಸಾಲಾಗಿ ಕೂರುವ ಬೋರ್ಡುಗಳ ಯಜಮಾನರೆಲ್ಲ ಹೇಳುವುದು ಒಂದೇ, "ಕರೆಂಟ್ ಪ್ಲಗ್ ಕಿತ್ತಿದ್ದೆ ಮಾರಾಯ್ರೆ." ಸಿಡಿಲು ಬಂದದ್ದು ಲ್ಯಾನ್ ತಂತಿಯಲ್ಲಿ.